ಕ್ರೂಸ್ ಜೊತೆಗೆ ದೂಧ್‌ಸಾಗರ: ಕಲಬುರಗಿ ಬಿಟ್ಟು ಮತ್ತೆ ಕಲಬುರಗಿ ಮುಟ್ಟುವ ತನಕದ ಪ್ಲಾನ್

ನಮ್ಮ ಮನೆಯವರು ಮುಂಬೈ–ಗೋವಾ ಹಡಗನ್ನು ಎರಡು ಸಲ ಹತ್ತಿದ್ದೇವೆ. ಮೊದಲನೇ ಸಲ ಗೋವಾದಲ್ಲಿ ಇಳಿದು ದೂಧ್‌ಸಾಗರಕ್ಕೆ ಹೊರಟವರು ಅರ್ಧ ದಾರಿಯಿಂದ ವಾಪಸ್ ಬಂದೆವು. ಎರಡನೇ ಸಲ ಜಲಪಾತದ ಬುಡದಲ್ಲಿ ಬಂಡೆ ಮೇಲೆ ಕುಳಿತು, ಮುಖಕ್ಕೆ ತುಂತುರು ಹೊಡೆಸಿಕೊಳ್ಳುತ್ತಾ, ನೀರಿನ ನಡುವೆ ಕಾಣುವ ಸೇತುವೆ ಮೇಲೆ ಗೂಡ್ಸ್ ಗಾಡಿ ಹೋಗುವಾಗ ಮಕ್ಕಳು ಬೋಗಿ ಎಣಿಸುವುದನ್ನು ಕೇಳುತ್ತಾ, ಆರಾಮಾಗಿ ನೋಡಿದೆವು. ಎರಡು ಪ್ರವಾಸಗಳ ನಡುವೆ ಬದಲಾಗಿದ್ದು ಒಂದೇ. ಜಲಪಾತವನ್ನು ಹಡಗು ಬಂದರಿನಲ್ಲಿ ನಿಲ್ಲುವ ದಿನದಿಂದ ತೆಗೆದು, ಊರಿಗೆ ವಾಪಸ್ ಬರುವ ದಾರಿಗೆ ಹಾಕಿದೆವು.

ಇದು ಬೇರೆ ಊರಿನವರಿಗಿಂತ ನಮಗೆ ಜಾಸ್ತಿ ಅನುಕೂಲ. ಮುಂಬೈಯವರು ಗೋವಾದಿಂದ ಮತ್ತೆ ಉತ್ತರಕ್ಕೆ ಹೋಗಬೇಕು. ನಾವು ಕಲಬುರಗಿ, ಬೀದರ್, ಯಾದಗಿರಿಯವರು ಗೋವಾದಿಂದ ಪೂರ್ವಕ್ಕೆ ಬರಬೇಕು. ಪಣಜಿ–ಬೆಳಗಾವಿ ಹೆದ್ದಾರಿ ಫೋಂಡಾ, ಮೊಲ್ಲೆಂ ದಾಟಿ ಅನಮೋಡ ಘಾಟ್ ಹತ್ತುತ್ತದೆ. ದೂಧ್‌ಸಾಗರಕ್ಕೆ ಜೀಪ್ ಹೊರಡುವ ಕುಳೆಂ ಊರು ಆ ಮೊಲ್ಲೆಂನಿಂದ ಬರೀ ಐದಾರು ಕಿಲೋಮೀಟರ್. ಅಂದರೆ ಜಲಪಾತ ನಮ್ಮ ಮನೆ ದಾರಿಯಲ್ಲೇ ಇದೆ. ರೈಲಿನಲ್ಲಿ ಮುಂಬೈ, ಹಡಗಿನಲ್ಲಿ ಗೋವಾ, ಘಾಟ್ ಹತ್ತಿ ಬೆಳಗಾವಿ, ಅಲ್ಲಿಂದ ವಿಜಯಪುರ, ಸಿಂದಗಿ, ಜೇವರ್ಗಿ ಮೇಲೆ ಮನೆ. ಹೀಗೆ ಒಂದು ಸುತ್ತು ಹಾಕಿದರೆ ಹೋದ ದಾರಿಯಲ್ಲೇ ವಾಪಸ್ ಬರುವ ಪ್ರಶ್ನೆಯೇ ಇಲ್ಲ.

ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ

ದಿನಾಂಕ ಆಮೇಲೆ, ತಿಂಗಳು ಮೊದಲು. ಇಲ್ಲಿ ಎರಡು ಸೀಸನ್ ಕೂಡಬೇಕು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಜೋರಾಗಿರುತ್ತದೆ, ಮುಂಬೈನಿಂದ ಗೋವಾಕ್ಕೆ ಕ್ರೂಸ್ ನಡೆಯುವುದಿಲ್ಲ. ಅದೇ ಮಳೆಗಾಲದಲ್ಲಿ ದೂಧ್‌ಸಾಗರದ ಜೀಪುಗಳೂ ಬಂದ್. ಜೂನ್‌ನಲ್ಲಿ ನಿಂತರೆ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲೇ ಮತ್ತೆ ಶುರು, ಯಾಕೆಂದರೆ ಜೀಪ್ ಹೋಗುವುದು ಕಾಡಿನ ಹಳ್ಳಗಳನ್ನು ದಾಟಿಕೊಂಡು. ಹಳ್ಳ ತುಂಬಿದಾಗ ಆ ದಾರಿಯೇ ಇರುವುದಿಲ್ಲ.

ಹಾಗಾಗಿ ಎರಡೂ ತೆರೆದಿರುವುದು ಅಕ್ಟೋಬರ್‌ನಿಂದ ಮೇ ತನಕ. ಆದರೆ ಏಪ್ರಿಲ್, ಮೇ ಹೊತ್ತಿಗೆ ನೀರು ಸಣ್ಣಗಾಗುತ್ತದೆ. ದೂಧ್‌ಸಾಗರ ಅಂದರೆ ಹಾಲಿನ ಕಡಲು. 310 ಮೀಟರ್ ಎತ್ತರದಿಂದ ನಾಲ್ಕು ಹಂತವಾಗಿ ಇಳಿಯುವ ನೀರು ತುಂಬಿ ಹರಿದಾಗ ಮಾತ್ರ ಆ ಹೆಸರಿಗೆ ಅರ್ಥ ಬರುತ್ತದೆ. ನನ್ನ ಲೆಕ್ಕದಲ್ಲಿ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆ ತನಕ ಎಲ್ಲಕ್ಕಿಂತ ಒಳ್ಳೆಯದು. ನೀರು ಭರ್ತಿ ಇರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ. ಒಕ್ಕಲುತನದ ಮನೆಯವರಿಗೂ ಇದೇ ಸರಿ. ಹೆಸರು, ಉದ್ದಿನ ರಾಶಿ ಮುಗಿದಿರುತ್ತದೆ, ತೊಗರಿ ಕೊಯ್ಲು ಇನ್ನೂ ದೂರ ಇರುತ್ತದೆ. ದೀಪಾವಳಿ ವಾರ ಮಾತ್ರ ಬೇಡ. ರೈಲಿನಲ್ಲಿ ಕಾಲಿಡಲು ಜಾಗ ಇರಲ್ಲ, ಜೀಪ್ ಕೌಂಟರ್‌ನಲ್ಲೂ ಅಷ್ಟೇ. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಗೋವಾದಲ್ಲಿ ರೂಮಿನ ರೇಟು ಏರಿರುತ್ತದೆ, ಆಗಲೂ ಬೇಡ.

ಹಡಗಿನ ಟಿಕೆಟ್ ತೆಗೆಸುವಾಗ

ಮುಂಬೈನಿಂದ 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾದ ಎಂಪ್ರೆಸ್ ಹಡಗು ಶುರುವಾದ ಮೇಲೆ ನಮ್ಮಂಥ ಮಧ್ಯಮ ವರ್ಗದವರೂ ಕ್ರೂಸ್ ಬಗ್ಗೆ ಮಾತಾಡಲು ಶುರು ಮಾಡಿದರು. ನೀವು ಯಾವ ಹಡಗಿನಲ್ಲೇ ಹೋಗಿ, ದುಡ್ಡು ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ಗೋವಾದಲ್ಲೇ ಇಳಿದುಬಿಡುವ ಟಿಕೆಟ್ ಇದೆಯಾ? ಸೇಲಿಂಗ್‌ಗಳಲ್ಲಿ ಎರಡು ನಮೂನೆ ಇರುತ್ತವೆ. ಒಂದು, ಮುಂಬೈನಿಂದ ಹೊರಟು ಗೋವಾ ಮುಟ್ಟಿ ಮತ್ತೆ ಮುಂಬೈಗೇ ಬರುವುದು. ಇನ್ನೊಂದು, ಮುಂಬೈನಿಂದ ಗೋವಾಕ್ಕೆ ಒಂದೇ ದಿಕ್ಕಿನದು. ನಮಗೆ ಬೇಕಾದ್ದು ಎರಡನೆಯದು. ಆಫರ್ ಅಂತ ಮೊದಲು ತೋರಿಸುವುದು ಸಾಮಾನ್ಯವಾಗಿ ಹೋಗಿ ಬರುವ ಪ್ಯಾಕೇಜನ್ನೇ. ಅದಕ್ಕೆ ಮರುಳಾಗಬೇಡಿ, ಒಂದೇ ದಿಕ್ಕಿನದ್ದು ಬೇಕು ಅಂತ ಬಾಯಿ ಬಿಟ್ಟು ಕೇಳಿ.

ರೇಟು ಕೇಳುವಾಗ ಕ್ಯಾಬಿನ್ ರೇಟು ಒಂದೇ ಕೇಳಿ ಸುಮ್ಮನಾಗಬೇಡಿ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಗೆ ಕೊಡುವ ಟಿಪ್ಸ್ ಅಂತ ತಲೆಗಿಷ್ಟು ಬೇರೆ ಬೇರೆ ಸೇರುತ್ತವೆ. ಕೊನೆಗೆ ಎಷ್ಟಾಗುತ್ತದೆ ಅನ್ನುವ ಪೂರ್ತಿ ಮೊತ್ತವನ್ನು ಬರೆದು ಕೊಡಲು ಹೇಳಿ. ಊಟ, ತಿಂಡಿ ಟಿಕೆಟ್‌ನಲ್ಲೇ ಬರುತ್ತದೆ, ಸಸ್ಯಾಹಾರಕ್ಕೂ ಕೊರತೆ ಇಲ್ಲ. ಕೂಲ್ ಡ್ರಿಂಕ್ಸ್, ಕೆಲವು ವಿಶೇಷ ಹೋಟೆಲ್‌ಗಳು, ಇಂಟರ್‌ನೆಟ್, ಇವಕ್ಕೆ ಬೇರೆ ದುಡ್ಡು. ಕ್ಯಾಬಿನ್ ವಿಷಯದಲ್ಲಿ ನನ್ನ ಮಾತು ಇಷ್ಟೇ: ಒಂದೇ ರಾತ್ರಿ ಇದ್ದರೆ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಸಾಕು, ಸಮುದ್ರ ನೋಡಲು ಮೇಲಿನ ಡೆಕ್ ಇದ್ದೇ ಇದೆ. ವಯಸ್ಸಾದವರು ಜೊತೆಗಿದ್ದರೆ ಮಾತ್ರ ಕಿಟಕಿ ಇರುವುದು ತೆಗೆದುಕೊಳ್ಳಿ. ಹಡಗು ಅಲ್ಲಾಡುವಾಗ ದೂರದ ದಿಗಂತ ಕಣ್ಣಿಗೆ ಬಿದ್ದರೆ ಹೊಟ್ಟೆ ತೊಳಸುವುದು ಕಮ್ಮಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಎಷ್ಟನೇ ವಾರದ ತನಕ ಹತ್ತಿಸಿಕೊಳ್ಳುತ್ತಾರೆ ಅಂತ ಮೊದಲೇ ಕೇಳಿ. ದೂಧ್‌ಸಾಗರದ ಜೀಪಂತೂ ಅವರಿಗೆ ಬೇಡವೇ ಬೇಡ.

ಮುಂಬೈ–ಗೋವಾ ದೇಶದ ಒಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಕಿಲ್ಲ. ಆಧಾರ್‌ನಂಥ ಸರ್ಕಾರಿ ಗುರುತಿನ ಚೀಟಿ ಸಾಕು. ಆದರೆ ಅಸಲಿ ಕಾರ್ಡ್ ಕೈಯಲ್ಲಿರಲಿ, ಮಕ್ಕಳದ್ದೂ ಸೇರಿಸಿ. ಟಿಕೆಟ್‌ನಲ್ಲಿರುವ ಹೆಸರು ಕಾರ್ಡಿನಲ್ಲಿರುವ ಹಾಗೇ ಇರಬೇಕು. ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಹಿಂದು ಮುಂದಾಗುವುದು ಜಾಸ್ತಿ ಅಲ್ವಾ, ಅದನ್ನು ಬುಕ್ ಮಾಡುವಾಗಲೇ ಸರಿಮಾಡಿಸಿ.

ಆಲ್ ಅಬೋರ್ಡ್ ಲೆಕ್ಕ: ನಮ್ಮ ಮೊದಲ ಪ್ರವಾಸ ಯಾಕೆ ಕೆಟ್ಟಿತು

ಒಂದೇ ದಿಕ್ಕಿನ ಟಿಕೆಟ್ ಸಿಗದೆ ಹೋಗಿ ಬರುವುದನ್ನೇ ತೆಗೆದುಕೊಂಡವರೂ ಇರುತ್ತೀರಿ. ಹಡಗು ಹೇಗೂ ಗೋವಾದಲ್ಲಿ ಇಡೀ ದಿನ ನಿಲ್ಲುತ್ತಲ್ಲ, ಅಷ್ಟರಲ್ಲಿ ಹೋಗಿ ಬಂದರಾಯಿತು ಅಂತ ಅನ್ನಿಸುತ್ತದೆ. ನಮಗೆ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರೂ ಹಾಗೇ ಹೇಳಿದ್ದರು. "ಏ, ನಾಲ್ಕು ತಾಸಿನ್ಯಾಗ ಮುಗೀತದರಿ, ಚಿಂತಿ ಮಾಡಬ್ಯಾಡ್ರಿ." ಅವರು ಕುಳೆಂ ತನಕದ ದಾರಿಯನ್ನು ಮಾತ್ರ ಲೆಕ್ಕ ಹಾಕಿದ್ದರು. ಕುಳೆಂ ಮುಟ್ಟಿದರೆ ಜಲಪಾತ ಮುಟ್ಟಿದ ಹಾಗಲ್ಲ.

ಲೆಕ್ಕವನ್ನು ಬಿಡಿಸಿ ಹಾಕೋಣ. ಹಡಗು ನಿಲ್ಲುವುದು ವಾಸ್ಕೋ ಪಕ್ಕದ ಮೊರ್ಮುಗಾವ್ ಬಂದರಿನಲ್ಲಿ. ಹತ್ತಕ್ಕೆ ದಡಕ್ಕೆ ಕಟ್ಟಿದರು ಅಂತಿಟ್ಟುಕೊಳ್ಳಿ. ಸಾವಿರಾರು ಜನ ಸಾಲಿನಲ್ಲಿ ಇಳಿದು, ಬಂದರಿನ ಗೇಟು ದಾಟಿ, ಟ್ಯಾಕ್ಸಿ ಮಾತಾಡುವಷ್ಟರಲ್ಲಿ ಹನ್ನೊಂದು. ಕುಳೆಂ ಅಲ್ಲಿಂದ ಸುಮಾರು 60 ಕಿಲೋಮೀಟರ್, ಟ್ರಾಫಿಕ್ ಸೇರಿ ಎರಡು ತಾಸು ಹಿಡಿಯಿರಿ. ಒಂದು ಗಂಟೆ ಆಯಿತು. ಜೀಪಿನ ಪಾಳಿ ಬರಲು ಅರ್ಧದಿಂದ ಒಂದು ತಾಸು. ಕಾಡಿನೊಳಗೆ ಹತ್ತು ಹನ್ನೆರಡು ಕಿಲೋಮೀಟರ್ ಕಚ್ಚಾ ದಾರಿಗೆ ಮುಕ್ಕಾಲರಿಂದ ಒಂದು ತಾಸು. ಜೀಪ್ ನಿಲ್ಲಿಸಿದ ಜಾಗದಿಂದ ಕಾಲು ತಾಸು ನಡಿಗೆ. ಅಲ್ಲಿಗೆ ಮೂರೂಕಾಲು. ಜಲಪಾತದ ಹತ್ತಿರ ಒಂದು ತಾಸಾದರೂ ಇರಬೇಡವಾ? ನಾಲ್ಕೂಕಾಲಕ್ಕೆ ಎದ್ದರೆ ನಡೆದು, ಜೀಪ್ ಹತ್ತಿ ಕುಳೆಂಗೆ ಬರುವಾಗ ಐದೂವರೆ. ಬಂದರು ಮುಟ್ಟುವಾಗ ಏಳೂವರೆ.

ಒಟ್ಟು ಒಂಬತ್ತೂವರೆ ತಾಸು. ಅದೂ ಟೈರ್ ಪಂಕ್ಚರ್ ಆಗದೆ, ಪಾಳಿ ಉದ್ದ ಆಗದೆ ಇದ್ದರೆ ಮಾತ್ರ.

ಈಗ ಹಡಗಿನ ಕಡೆ ನೋಡಿ. ಹಡಗು ಹೊರಡುವ ಹೊತ್ತು ಬೇರೆ, 'ಆಲ್ ಅಬೋರ್ಡ್' ಅಂದರೆ ಎಲ್ಲರೂ ಒಳಗಿರಬೇಕಾದ ಹೊತ್ತು ಬೇರೆ. ಅದು ಅರ್ಧ ಒಂದು ತಾಸು ಮೊದಲೇ ಇರುತ್ತದೆ. ನೀವು ಲೆಕ್ಕ ಹಾಕಬೇಕಾದ್ದು ಅದರಿಂದ ಹಿಂದಕ್ಕೆ. ನಾನು ಹೇಳುವ ನಿಯಮ: ಇಳಿದ ಹೊತ್ತಿನಿಂದ ಆಲ್ ಅಬೋರ್ಡ್ ತನಕ ಹನ್ನೊಂದು ತಾಸು ಸಿಕ್ಕರೆ ಮಾತ್ರ ದೂಧ್‌ಸಾಗರದ ಮಾತು. ಬೆಳಗ್ಗೆ ಏಳಕ್ಕೆ ಇಳಿದು ಸಂಜೆ ಆರಕ್ಕೆ ಹತ್ತುವ ಹಾಗಿದ್ದರೆ ಆಗುತ್ತದೆ. ಹತ್ತಕ್ಕೆ ಇಳಿದರೆ ಆಗುವುದಿಲ್ಲ.

ನಾವು ಇಳಿದದ್ದು ಹತ್ತೂವರೆಗೆ. ಸಾವರ್ಡೆಂ ದಾಟುವಾಗ ಒಂದೂಕಾಲು ಆಗಿತ್ತು. ಟ್ಯಾಕ್ಸಿ ಚಾಲಕರು ಒಳ್ಳೆಯವರು. ಗಾಡಿ ಪಕ್ಕಕ್ಕೆ ಹಾಕಿ ಕುಳೆಂನ ಪರಿಚಯದವರಿಗೆ ಫೋನ್ ಮಾಡಿ ವಿಚಾರಿಸಿದರು, ಆಮೇಲೆ ನಮ್ಮ ಕಡೆ ತಿರುಗಿ, ಹೋದರೆ ನೋಡಬಹುದು, ಹಡಗು ಮಾತ್ರ ಸಿಗಲ್ಲ ಅಂದರು. ಅವ್ವ ಊರಲ್ಲಿ ಎಲ್ಲರಿಗೂ ಜಲಪಾತ ನೋಡಿ ಬರ್ತೀನಿ ಅಂತ ಹೇಳಿ ಬಂದಿದ್ದಳು. ವಾಪಸ್ ಬರುವಾಗ ದಾರಿ ಪೂರ್ತಿ ಒಂದು ಮಾತೂ ಆಡಲಿಲ್ಲ. ಅದಕ್ಕೇ ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಒಂದು ವೇಳೆ ಹೊತ್ತು ಸಾಕಷ್ಟಿದ್ದರೆ, ಹಡಗಿನವರೇ ದೂಧ್‌ಸಾಗರಕ್ಕೆ ಕರೆದುಕೊಂಡು ಹೋಗುವ ಪ್ರವಾಸ ಇದೆಯಾ ಅಂತ ಮೊದಲು ಕೇಳಿ. ರೇಟು ಜಾಸ್ತಿ ಇರಬಹುದು. ಆದರೆ ಅವರ ಬಸ್ಸೇ ತಡವಾದರೆ ಅದರ ಹೊಣೆ ಅವರದ್ದು. ನೀವಾಗಿ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಹಡಗು ಕಾಯುವುದಿಲ್ಲ, ನಿಮ್ಮ ಪೆಟ್ಟಿಗೆ ಸಮೇತ ಹೊರಟುಬಿಡುತ್ತದೆ. ಹೊತ್ತು ಕಮ್ಮಿ ಇದ್ದರೆ ಸಾಂಖಳಿ ಹತ್ತಿರ ಹರವಳೆ ಜಲಪಾತ ಇದೆ. ದೂಧ್‌ಸಾಗರದ ಮುಂದೆ ಅದು ಸಣ್ಣದು. ಆದರೆ ಕಾರು ಹತ್ತಿರದ ತನಕ ಹೋಗುತ್ತದೆ, ಜೀಪ್ ಪಾಳಿ ಇಲ್ಲ, ಪಕ್ಕದಲ್ಲೇ ರುದ್ರೇಶ್ವರ ಗುಡಿ ಮತ್ತು ಹಳೆಯ ಗುಹೆಗಳಿವೆ.

ಮನೆಯಿಂದ ಮುಂಬೈ ತನಕ

ರೈಲ್ವೆ ರಿಸರ್ವೇಶನ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ ಇದ್ದ 120 ದಿನದ ಲೆಕ್ಕವೇ ಇನ್ನೂ ಬಹಳ ಜನರ ತಲೆಯಲ್ಲಿದೆ. ನವೆಂಬರ್ 15ಕ್ಕೆ ಹೊರಡುವುದಾದರೆ ಸೆಪ್ಟೆಂಬರ್ 16ಕ್ಕೆ ಬೆಳಗ್ಗೆಯೇ ಕುಳಿತು ಬುಕ್ ಮಾಡಿ. ಹಡಗಿನ ದಿನಾಂಕ ಮೊದಲು ಗಟ್ಟಿ ಆಗಬೇಕು, ರೈಲು ಆಮೇಲೆ.

ಕಲಬುರಗಿಯವರಿಗೆ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಚೆನ್ನಾಗಿದೆ, ಸಂಜೆ ಹತ್ತಿದರೆ ನಸುಕಿಗೆ ಮುಂಬೈ. ಯಾದಗಿರಿಯವರು ಗಮನಿಸಿ, ಆ ಗಾಡಿ ತಾಂಡೂರು ಕಡೆಯಿಂದ ವಾಡಿಗೆ ಬರುವುದರಿಂದ ಯಾದಗಿರಿ ಮುಟ್ಟುವುದಿಲ್ಲ. ನಿಮಗೆ ಉದ್ಯಾನ್ ಸರಿ, ಬೆಳಗ್ಗೆ ಹತ್ತಿದರೆ ರಾತ್ರಿ ಹೊತ್ತಿಗೆ ಮುಂಬೈ ಸೇರುತ್ತೀರಿ. ಬೀದರ್‌ನವರಿಗೆ ಮುಂಬೈಗೆ ನೇರ ಗಾಡಿ ಇದೆ, ಆದರೆ ನಿಮ್ಮ ದಿನಕ್ಕೆ ಅದು ಓಡುತ್ತದಾ ನೋಡಿಕೊಳ್ಳಬೇಕು. ಇಲ್ಲದಿದ್ದರೆ 2017ರ ಅಕ್ಟೋಬರ್‌ನಲ್ಲಿ ಶುರುವಾದ ಬೀದರ್–ಕಲಬುರಗಿ ಲೈನ್ ಇದೆ, ಹುಮನಾಬಾದ್ ಮೇಲಿನ ಬಸ್ಸಿದೆ.

ಹಡಗು ಮಧ್ಯಾಹ್ನ ಹತ್ತಿಸಿಕೊಳ್ಳುತ್ತದೆ, ಬೆಳಗ್ಗೆ ಮುಂಬೈ ಮುಟ್ಟಿದರೆ ಸಾಕಲ್ಲ ಅಂತ ಕೇಳುತ್ತಾರೆ. ಕಾಗದದ ಮೇಲೆ ಸಾಕು. ಆದರೆ ರೈಲು ನಾಲ್ಕೈದು ತಾಸು ತಡವಾಗುವುದು ನಮಗೆ ಹೊಸದಲ್ಲ. ರೈಲು ತಪ್ಪಿದರೆ ಇನ್ನೊಂದು ಹಿಡಿಯಬಹುದು, ಹಡಗು ತಪ್ಪಿದರೆ ಕಟ್ಟಿದ ದುಡ್ಡೂ ಹೋಯಿತು. ಒಂದು ದಿನ ಮೊದಲೇ ಹೋಗಿ ಫೋರ್ಟ್ ಅಥವಾ ಮಸ್ಜಿದ್ ಬಂದರ್ ಕಡೆ ಒಂದು ರೂಮು ಹಿಡಿಯಿರಿ. ಹಡಗು ಹೊರಡುವ ಬಲ್ಲಾರ್ಡ್ ಪಿಯರ್, ಸಿಎಸ್‌ಎಂಟಿ ಸ್ಟೇಶನ್ನಿನಿಂದ ಎರಡು ಕಿಲೋಮೀಟರ್ ಆಸುಪಾಸು ಅಷ್ಟೇ.

ರೊಟ್ಟಿ ಬುತ್ತಿ ವಿಷಯ ಒಂದು ಹೇಳಲೇಬೇಕು. ಹೊರಗಿನ ತಿನಿಸನ್ನು ಹಡಗಿನೊಳಗೆ ಬಿಡುವುದಿಲ್ಲ. ವೈನಿ ಎರಡು ದಿನ ಕುಳಿತು ಐವತ್ತು ಖಡಕ್ ರೊಟ್ಟಿ ಬಡಿದಿದ್ದಳು. ಹಳೇ ಪತ್ತಲದ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಸ್ಟೀಲ್ ತಾಟು ಇಟ್ಟು, ಒಂದೂ ಮುರಿಯದ ಹಾಗೆ ಕಟ್ಟಿಕೊಟ್ಟಿದ್ದಳು, ಜೊತೆಗೆ ಶೇಂಗಾ ಹಿಂಡಿ. ಮೊದಲ ಸಲ ಬಂದರಿನ ಗೇಟಿನಲ್ಲೇ ಅದನ್ನು ಬಿಡಬೇಕಾಯಿತು. ಎರಡನೇ ಸಲ ಹೋಗುವ ರೈಲಿಗೆ ಬೇಕಾದಷ್ಟು ಮಾತ್ರ ಕಟ್ಟಿಕೊಂಡೆವು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಚಾಕು, ಲೈಟರ್, ಇವನ್ನೂ ತೆಗೆದಿಟ್ಟು ಹೋಗಿ.

ಹಡಗಿನಲ್ಲಿ

ಇಲ್ಲಿ ಹೇಳುವುದು ಕಮ್ಮಿ, ಅಲ್ಲಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಮೂರು ಮಾತು ನೆನಪಿಡಿ. ಹಡಗು ದಡ ಬಿಟ್ಟ ಕೂಡಲೇ ಎಲ್ಲರ ಫೋನನ್ನೂ ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡು ರೋಮಿಂಗ್ ಬಿಲ್ ಸುಮ್ನೆ ಏರುತ್ತದೆ. ಎರಡು, ವಾಂತಿ ಬರುವವರು ಮಾತ್ರೆಯನ್ನು ಊರಲ್ಲೇ ಡಾಕ್ಟರ್ ಹತ್ತಿರ ಕೇಳಿ ತಂದುಕೊಳ್ಳಿ, ಹೊಟ್ಟೆ ತೊಳಸಲು ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ಮೂರು, ಕ್ಯಾಬಿನ್‌ಗೆ ಬರುವ ದಿನದ ಕಾರ್ಯಕ್ರಮದ ಹಾಳೆಯ ಫೋಟೋ ತೆಗೆದುಕೊಳ್ಳಿ. ಇಳಿಯುವ ಹೊತ್ತು, ಆಲ್ ಅಬೋರ್ಡ್ ಹೊತ್ತು ಅದರಲ್ಲೇ ಇರುತ್ತದೆ.

ಬೆಳಗ್ಗೆ ಬೇಗ ಎದ್ದು ಡೆಕ್ ಮೇಲೆ ಹೋಗಿ. ಬಿಸಿಲಿನ ಊರಿನವರು ನಾವು, ಸುತ್ತ ನಾಲ್ಕೂ ಕಡೆ ನೀರು ಬಿಟ್ಟರೆ ಬೇರೇನೂ ಕಾಣದ ಆ ಒಂದು ತಾಸು ಅವ್ವನಿಗೆ ಇವತ್ತಿಗೂ ನೆನಪಿದೆ.

ಗೋವಾದಲ್ಲಿ ಇಳಿದ ಮೇಲೆ

ಈಗ ನೀವು ಪೆಟ್ಟಿಗೆ ಸಮೇತ ಇಳಿದಿದ್ದೀರಿ, ಹಡಗಿನ ಚಿಂತೆ ಮುಗಿಯಿತು. ಆ ದಿನ ಜಲಪಾತಕ್ಕೆ ಓಡಬೇಡಿ. ಗೋವಾದಲ್ಲಿ ಓಲಾ, ಊಬರ್ ನಂಬಿಕೊಂಡು ಇಳಿಯಬೇಡಿ. ಗೋವಾಮೈಲ್ಸ್ ಅನ್ನುವ ಆಪ್ ಇದೆ, ಇಲ್ಲ ಅಂದರೆ ಬಂದರಿನ ಹೊರಗೆ ಟ್ಯಾಕ್ಸಿಯವರ ಹತ್ತಿರವೇ ಮಾತಾಡಬೇಕು. ಹತ್ತುವ ಮೊದಲೇ ರೇಟು ಪಕ್ಕಾ ಮಾಡಿಕೊಳ್ಳಿ, ಮೊಲ್ಲೆಂ ತನಕ ಬಿಡಬೇಕು ಅಂತ ಬಿಡಿಸಿ ಹೇಳಿ. ಖರ್ಚು ಉಳಿಸಬೇಕು ಅನ್ನುವವರಿಗೆ ವಾಸ್ಕೋದಿಂದ ಕುಳೆಂಗೆ ಪ್ಯಾಸೆಂಜರ್ ರೈಲು ಇದೆ. ಗಾಡಿಗಳು ಕಮ್ಮಿ, ಹೊತ್ತು ನೋಡಿಕೊಂಡು ಹೋಗಿ.

ರಾತ್ರಿ ಮೊಲ್ಲೆಂ ಅಥವಾ ಕುಳೆಂನಲ್ಲೇ ಉಳಿಯಿರಿ. ಪಣಜಿ, ಕಲಂಗೂಟ್ ಕಡೆ ರೂಮು ಹಿಡಿದರೆ ಮತ್ತೆ ಬೆಳಗ್ಗೆ ಎರಡು ತಾಸಿನ ದಾರಿ. ಇಲ್ಲಿ ಬೀಚ್ ಇಲ್ಲ, ಗದ್ದಲ ಇಲ್ಲ, ರಾತ್ರಿ ಕಾಡಿನ ಹುಳದ ಸದ್ದು ಬಿಟ್ಟರೆ ಬೇರೇನಿಲ್ಲ. ಸಂಜೆ ಹೊತ್ತು ಉಳಿದರೆ ತಾಂಬ್ಡಿ ಸುರ್ಲಾ ಗುಡಿಗೆ ಹೋಗಿ ಬನ್ನಿ. ಗೋವಾದ ಕದಂಬರ ಕಾಲದ ಸಣ್ಣ ಮಹಾದೇವ ಗುಡಿ, ಕಾಡಿನ ನಡುವೆ ಕಪ್ಪು ಕಲ್ಲಿನಲ್ಲಿ ಕಟ್ಟಿದ್ದು. ನಮ್ಮ ಎರೆ ಮಣ್ಣಿನ ಕೆಳಗೆ ಸಿಗುತ್ತಲ್ಲ, ಅದೇ ಜಾತಿಯ ಕಲ್ಲು. ಕಂಬದ ಮೇಲಿನ ಕೆತ್ತನೆ ನೋಡಿ ಕಾಕಾ, ಇದು ನಮ್ಮ ಕಡೆ ಗುಡಿ ಇದ್ದಂಗೇ ಅದ ಅಂದರು.

ಉಳಿದುಕೊಂಡ ಜಾಗದ ಮಾಲೀಕರ ಹತ್ತಿರ ಅವತ್ತೇ ಒಂದು ಮಾತು ಕೇಳಿ: ನಾಳೆ ಜೀಪ್ ಓಡುತ್ತಾ? ಅಕಾಲ ಮಳೆ ಬಂದು ಹಳ್ಳ ಏರಿದರೆ, ಇನ್ನೇನೋ ತಕರಾರು ಬಂದರೆ ಒಂದೆರಡು ದಿನ ನಿಲ್ಲಿಸುವುದುಂಟು. ಅವರಿಗೆ ಗೊತ್ತಿರುತ್ತದೆ.

ಜಲಪಾತದ ಬೆಳಗ್ಗೆ

ಕೌಂಟರ್ ತೆರೆಯುವ ಮೊದಲೇ ಕುಳೆಂನಲ್ಲಿ ನಿಂತಿರಬೇಕು. ಎಂಟು, ಎಂಟೂವರೆ ಹೊತ್ತಿಗೆ ಗೋವಾದ ಬೀಚ್ ಕಡೆಯಿಂದ ಟೂರಿಸ್ಟ್ ಬಸ್ಸುಗಳು ಬರಲು ಶುರು ಮಾಡುತ್ತವೆ, ಆಮೇಲೆ ಪಾಳಿ ಬೆಳೆಯುತ್ತಾ ಹೋಗುತ್ತದೆ. ಒಂದು ಜೀಪಿಗೆ ಏಳು ಜನ. ನೀವು ನಾಲ್ಕು ಜನ ಇದ್ದರೆ ಇನ್ನೊಂದು ಮೂರು ಜನರ ಗುಂಪನ್ನು ಸಾಲಿನಲ್ಲೇ ಹುಡುಕಿ ಮಾತಾಡಿಕೊಳ್ಳಿ, ಜೀಪ್ ಬೇಗ ತುಂಬುತ್ತದೆ. ಸೀಟಿನ ದುಡ್ಡು ಬೇರೆ, ಅರಣ್ಯದ ಪ್ರವೇಶ ಶುಲ್ಕ ಬೇರೆ, ಲೈಫ್ ಜಾಕೆಟ್ ಬಾಡಿಗೆ ಬೇರೆ, ಕ್ಯಾಮೆರಾ ಇದ್ದರೆ ಅದಕ್ಕೂ ಬೇರೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಕಾಡಿನ ಅಂಚಿನಲ್ಲಿ ಫೋನ್ ನೆಟ್‌ವರ್ಕ್ ನಂಬಿ ಯುಪಿಐ ಮೇಲೆ ಬಿಡಬೇಡಿ.

ಜೀಪ್ ಪ್ರಯಾಣವೇ ಅರ್ಧ ಮಜಾ. ಭಗವಾನ್ ಮಹಾವೀರ ಅಭಯಾರಣ್ಯದ ಒಳಗೆ ಕೆಂಪು ಮಣ್ಣಿನ ದಾರಿ, ಅಷ್ಟು ದೂರ ಹೋದ ಮೇಲೆ ಮುಂದೆ ಹಳ್ಳ. ಚಾಲಕರು ಗೇರ್ ಇಳಿಸಿ ಸೀದಾ ನೀರಿಗೇ ಇಳಿಸುತ್ತಾರೆ. ಬಾನೆಟ್ ಪಕ್ಕದಿಂದ ನೀರು ಸೀಳಿಕೊಂಡು ಹೋಗುತ್ತದೆ, ನಮ್ಮ ಜೀಪಿನಲ್ಲಿ ಕಾಲಡಿಗೇ ಬಂತು. ಚಪ್ಪಲಿ, ಬ್ಯಾಗು ಕಾಲ ಕೆಳಗೆ ಇಟ್ಟಿದ್ದವರು ಎತ್ತಿ ಹಿಡಿದರು. ಅದಕ್ಕೇ ಹೇಳುವುದು, ನೀರು ತಾಗಿದರೂ ಪರವಾಗಿಲ್ಲ ಅನ್ನುವ ಬೆಲ್ಟಿನ ಸ್ಯಾಂಡಲ್ ಹಾಕಿಕೊಳ್ಳಿ, ಹವಾಯಿ ಚಪ್ಪಲಿ ಬೇಡ. ಫೋನು, ದುಡ್ಡು ಒಂದು ಪ್ಲಾಸ್ಟಿಕ್ ಜಿಪ್ ಚೀಲದಲ್ಲಿರಲಿ. ಬೆನ್ನು ನೋವು, ಮಂಡಿ ನೋವು ಇರುವವರಿಗೆ ಈ ದಾರಿ ಕಷ್ಟ, ಎತ್ತಿ ಎತ್ತಿ ಹಾಕುತ್ತದೆ. ಅವ್ವನನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆವು, ಅಲ್ಲಿ ಕುಲುಕು ಕಮ್ಮಿ.

ಇಳಿದ ಮೇಲಿನ ನಡಿಗೆ ಕಲ್ಲು, ಬೇರು, ಸಣ್ಣ ಕಾಲುಸೇತುವೆಗಳ ಮೇಲೆ. ಕೈಯಲ್ಲಿ ತಿನಿಸು ಕಾಣುವ ಹಾಗೆ ಹಿಡಿಯಬೇಡಿ. ಮಂಗಗಳು ಬಹಳ ಇವೆ, ಚೀಲವನ್ನೇ ಕಸಿದುಕೊಳ್ಳುತ್ತವೆ. ಜಲಪಾತ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳುತ್ತದೆ, ಆಮೇಲೆ ಗಾಳಿ ತಣ್ಣಗಾಗುತ್ತದೆ. ಒಂದು ತಿರುವಿನಲ್ಲಿ ಮರ ಸರಿದು ಇಡೀ ಬೆಟ್ಟದಿಂದ ಬಿಳಿ ನೀರು ಇಳಿಯುವುದು ಕಾಣುತ್ತದೆ, ಅದರ ನಡುವೆ ಅಡ್ಡಲಾಗಿ ರೈಲು ಸೇತುವೆ. ಗೋವಾದವರು ಮಾಂಡೋವಿ ಅನ್ನುವ, ನಾವು ಮಹದಾಯಿ ಅನ್ನುವ ನದಿಯನ್ನು ಮುಂದೆ ಸೇರುವ ನೀರು ಇದು. ನಮ್ಮ ಚಿಂಚೋಳಿಯ ಎತ್ತಿಪೋತ ಜಲಪಾತವನ್ನು ನೋಡಿ ಬೆಳೆದವರು ನಾವು, ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ಇಷ್ಟು ಎತ್ತರದಿಂದ ನೀರು ಬೀಳುವುದನ್ನು ಬುಡದಲ್ಲಿ ನಿಂತು ನೋಡಿದ್ದು ಅದೇ ಮೊದಲು. ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

ಬುಡದ ಕೊಳದಲ್ಲಿ ಇಳಿಯಲು ಬಿಡುವ ದಿನ ಲೈಫ್ ಜಾಕೆಟ್ ಹಾಕಿಯೇ ಇಳಿಯಿರಿ, ಈಜು ಬಂದರೂ ಸರಿ. ಬಂಡೆ ಜಾರುತ್ತದೆ, ಕೊಳ ಆಳ ಇದೆ. ಕಾಲಿಟ್ಟರೆ ಮೀನು ಬಂದು ಪಾದ ಕಚ್ಚುತ್ತವೆ, ಮಕ್ಕಳಿಗೆ ಅದೇ ಖುಷಿ. ಬಟ್ಟೆ ಬದಲಿಸಲು ಒಳ್ಳೆ ಜಾಗ ಸಿಗುವುದಿಲ್ಲ, ಹೆಣ್ಣುಮಕ್ಕಳು ಬೇಗ ಒಣಗುವ ಚೂಡಿದಾರ್ ಹಾಕಿಕೊಂಡು, ಮೇಲೆ ಸುತ್ತಿಕೊಳ್ಳಲು ಒಂದು ದೊಡ್ಡ ಟವೆಲ್ ಇಟ್ಟುಕೊಂಡರೆ ಅನುಕೂಲ. ಜೀಪಿನವರು ಗಂಟೆ, ಒಂದೂವರೆ ಗಂಟೆ ಅಂತ ಹೊತ್ತು ಹೇಳಿರುತ್ತಾರೆ. ಜೀಪ್ ನಂಬರ್ ಬರೆದಿಟ್ಟುಕೊಳ್ಳಿ, ವಾಪಸ್ ಬರುವಾಗ ಎಲ್ಲ ಜೀಪೂ ಒಂದೇ ಥರ ಕಾಣುತ್ತವೆ.

ಹಳಿ ಮೇಲೆ ನಡೆಯುವ ಯೋಚನೆ ಬೇಡ

ಮಳೆಗಾಲದಲ್ಲಿ ಹುಡುಗರು ಕ್ಯಾಸಲ್ ರಾಕ್ ಅಥವಾ ಕುಳೆಂ ಕಡೆಯಿಂದ ಹಳಿ ಹಿಡಿದು ನಡೆದು ಹೋಗುವ ವಿಡಿಯೋ ನೋಡಿರುತ್ತೀರಿ. ರೈಲ್ವೆ ಅದನ್ನು ನಿಷೇಧಿಸಿದೆ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿ ಮೇಲೆ ಅತಿಕ್ರಮವಾಗಿ ಹೋದರೆ ಆರು ತಿಂಗಳ ತನಕ ಜೈಲು ಅಥವಾ 1000 ರೂಪಾಯಿ ತನಕ ದಂಡ, ಇಲ್ಲ ಎರಡೂ. ಕಾಯ್ದೆ ಬಿಡಿ, ಆ ಘಾಟ್‌ನಲ್ಲಿ ಸುರಂಗಗಳಿವೆ, 37 ಅಡಿಗೆ ಒಂದು ಅಡಿ ಏರುವ ಹಳಿ ಅದು. ಜಲಪಾತದ ಸದ್ದಿನಲ್ಲಿ ಗಾಡಿ ಬರುವುದು ಕೇಳುವುದಿಲ್ಲ. ನಿಮ್ಮ ಮನೆ ಹುಡುಗರು ಹೊರಟಿದ್ದರೆ ದಯವಿಟ್ಟು ತಡೆಯಿರಿ.

ಮಳೆಗಾಲದ ಜಲಪಾತವೇ ಬೇಕು ಅಂದರೆ ರೈಲಿನ ಕಿಟಕಿಯಿಂದ ನೋಡಿ. ವಾಸ್ಕೋ–ನಿಜಾಮುದ್ದೀನ್ ಗೋವಾ ಎಕ್ಸ್‌ಪ್ರೆಸ್ ಮಧ್ಯಾಹ್ನ ವಾಸ್ಕೋ ಬಿಟ್ಟು ಇದೇ ಸೇತುವೆ ಮೇಲೆ ಹೋಗುತ್ತದೆ. ನೋಡಲು ಸಿಗುವುದು ಸ್ವಲ್ಪವೇ ಹೊತ್ತು, ನಡುವೆ ಇಳಿಯಲು ಬಿಡುವುದಿಲ್ಲ.

ವಾಪಸ್ ಊರಿಗೆ

ಬೆಳಗ್ಗೆ ಮೊದಲ ಜೀಪುಗಳಲ್ಲಿ ಹೋದರೆ ಹನ್ನೆರಡರ ಆಸುಪಾಸಿಗೆ ಕುಳೆಂನಲ್ಲಿರುತ್ತೀರಿ. ಊಟ ಮಾಡಿ, ಮೊಲ್ಲೆಂನಿಂದ ಬೆಳಗಾವಿ ಕಡೆಯ ಬಸ್ ಹಿಡಿಯಿರಿ, ಇಲ್ಲ ಕಾರು ಮಾಡಿಕೊಳ್ಳಿ. ಅನಮೋಡ ಘಾಟ್ ಹತ್ತಿ, ಖಾನಾಪುರ ದಾಟಿ ಬೆಳಗಾವಿಗೆ ಎರಡೂವರೆ ಮೂರು ತಾಸು. ರಾತ್ರಿ ಬಸ್ಸಿಗೆ ಬೆಳಗಾವಿಯಿಂದ ಕಲಬುರಗಿಗೆ ಸೀಟನ್ನು ಮನೆಯಿಂದ ಹೊರಡುವ ಮೊದಲೇ ಬುಕ್ ಮಾಡಿಡಿ. ಹತ್ತಿರ ಹತ್ತಿರ 370 ಕಿಲೋಮೀಟರ್, ಕುಳಿತು ಬರುವುದಕ್ಕಿಂತ ಮಲಗಿ ಬರುವುದು ಮೇಲು. ಬಸ್ಸು ರಾತ್ರಿ ಒಂಬತ್ತರ ಮೇಲಿನದ್ದೇ ಇರಲಿ. ಆಗ ಘಾಟ್‌ನಲ್ಲಿ ತಡವಾದರೂ ಕೈಯಲ್ಲಿ ನಾಲ್ಕು ತಾಸು ಇರುತ್ತದೆ. ಬೆಳಗಾವಿಯಲ್ಲಿ ಕಾಯುವ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಕುಂದಾ ಕಟ್ಟಿಸಿಕೊಂಡು, ಒದ್ದೆ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿಬಿಡಿ. ಬೆಳಗ್ಗೆ ಜೇವರ್ಗಿ ದಾಟುವಾಗ ಎಚ್ಚರಾದರೆ ಕಿಟಕಿಯಾಚೆ ಎರಡೂ ಕಡೆ ತೊಗರಿ ಹೊಲ ಹೂ ಬಿಟ್ಟಿರುತ್ತದೆ.